ಅಧ್ಯಕ್ಷರಾಗುವ ಮೊದಲಿನ ಲೆನಾರ್ಟ್ ಮೆರಿ: ಬರಹಗಾರ, ಸಿನಿಮಾ ಮಾಡಿದವರು, ಊರೂರು ತಿರುಗಿದವರು

ಓದಿನ ಹುಚ್ಚು

ಎಲ್ಲರಿಗೂ ನಮಸ್ಕಾರ. ಲೆನಾರ್ಟ್ ಮೆರಿ ಅಂತ ಹುಡುಕಿದರೆ ಮೊದಲು ಸಿಗುವುದು ಒಂದು ವಿಮಾನ ನಿಲ್ದಾಣ. ಎಸ್ಟೋನಿಯಾದ ರಾಜಧಾನಿ ಟ್ಯಾಲಿನ್‌ನ ನಿಲ್ದಾಣಕ್ಕೆ 2009ರಿಂದ ಅವರ ಹೆಸರಿದೆ. ಆಮೇಲೆ ಸಿಗುವುದು 1992ರಿಂದ 2001ರವರೆಗೆ ಆ ದೇಶದ ಅಧ್ಯಕ್ಷರಾಗಿದ್ದ ಮೆರಿ. ನನಗೆ ಅದಕ್ಕೂ ಮೊದಲಿನ ಮೆರಿ ಬೇಕು. ಪುಸ್ತಕ ಬರೆದವರು, ರೇಡಿಯೋದಲ್ಲಿ ದುಡಿದವರು, ಅನುವಾದ ಮಾಡಿದವರು, ಕ್ಯಾಮೆರಾ ಹಿಡಿದವರ ಜೊತೆ ಸೈಬೀರಿಯಾದ ಕೊನೆ ಮುಟ್ಟಿದವರು. ಕನ್ನಡದಲ್ಲಿ ಇವರ ಬಗ್ಗೆ ಒಂದು ಒಳ್ಳೆ ಬರಹ ಇನ್ನೂ ನನ್ನ ಕಣ್ಣಿಗೆ ಬಿದ್ದಿಲ್ಲ. ಅದಕ್ಕೇ ಇಲ್ಲಿ ಶುರು ಮಾಡುತ್ತಿದ್ದೇನೆ.

ಹುಟ್ಟಿದ್ದು 1929ರ ಮಾರ್ಚ್ 29, ಟ್ಯಾಲಿನ್‌ನಲ್ಲಿ. ತಂದೆ ಗೇಯೋರ್ಗ್ ಮೆರಿ ರಾಜತಾಂತ್ರಿಕರು, ಶೇಕ್ಸ್‌ಪಿಯರ್ ನಾಟಕಗಳನ್ನು ಎಸ್ಟೋನಿಯನ್‌ಗೆ ತಂದವರು. ಅಪ್ಪನ ಕೆಲಸ ಹೋದಲ್ಲಿಗೆ ಮನೆಯೂ ಹೋಗುತ್ತಿತ್ತು. ಹುಡುಗ ಒಂಬತ್ತು ಶಾಲೆಗಳಲ್ಲಿ, ನಾಲ್ಕು ಭಾಷೆಗಳಲ್ಲಿ ಓದಿದ. 1940ರಲ್ಲಿ ಸೋವಿಯತ್ ಸೇನೆ ಬಂತು. 1941ರ ಜೂನ್ 14ರಂದು ಎಸ್ಟೋನಿಯಾದಿಂದ 10,000ಕ್ಕೂ ಜಾಸ್ತಿ ಜನರನ್ನು ರೈಲಿಗೆ ತುಂಬಿ ಸಾಗಿಸಿದರು. ಮೆರಿ ಕುಟುಂಬವೂ ಅದರಲ್ಲಿತ್ತು. ಗಂಡಸರನ್ನು ಬೇರೆ ಮಾಡಿ ಶಿಬಿರಗಳಿಗೆ, ಹೆಂಗಸರು ಮಕ್ಕಳನ್ನು ರಷ್ಯಾದ ಒಳನಾಡಿಗೆ. ಲೆನಾರ್ಟ್‌ಗೆ ಆಗ 12 ವರ್ಷ. ಮರ ಕಡಿದ, ನದಿಯಲ್ಲಿ ದಿಮ್ಮಿ ತೇಲಿಸಿದ, ಆಲೂಗಡ್ಡೆ ಸಿಪ್ಪೆ ಸುಲಿದ.

ಇಲ್ಲೇ ನನ್ನನ್ನು ಹಿಡಿದು ನಿಲ್ಲಿಸುವ ವಿಷಯ ಇರುವುದು. ಆ ಊರುಗಳ ಸುತ್ತಮುತ್ತ ಅವನ ಕಿವಿಗೆ ಬಿದ್ದ ಭಾಷೆಗಳಲ್ಲಿ ಕೆಲವು ರಷ್ಯನ್ ಅಲ್ಲ. ತನ್ನ ಎಸ್ಟೋನಿಯನ್‌ಗೆ ದೂರದ ನೆಂಟರಂಥ ಭಾಷೆಗಳು. ಮನೆಯಿಂದ ಕಿತ್ತು ಎಸೆದ ಜಾಗದಲ್ಲಿ ಒಬ್ಬ ಹುಡುಗನಿಗೆ ತನ್ನ ಮಾತಿನ ಬಳಗ ಸಿಕ್ಕಿತು. ಮುಂದೆ ಅವರು ಮಾಡಿದ್ದೆಲ್ಲ ಆ ಬಳಗವನ್ನು ಹುಡುಕಿಕೊಂಡು ಹೋದ ಕೆಲಸವೇ ಅಂತ ನನಗೆ ಅನಿಸುತ್ತದೆ. ಪುಸ್ತಕ, ಸಿನಿಮಾ, ಕೊನೆಗೆ ರಾಜಕೀಯ ಕೂಡ.

ಗೊತ್ತಿದ್ದವರು ದಯವಿಟ್ಟು ಬರೆಯಿರಿ.

ಕಡಲ ಕಿನಾರೆ

ನೆಂಟ ಭಾಷೆಗಳು ಅಂದರೆ ಎಷ್ಟು ಹತ್ತಿರ? ನಾನು ತುಳುವಿನವಳು. ನಮಗೆ ಕನ್ನಡ, ಮಲಯಾಳ ಅರ್ಧಂಬರ್ಧ ಆದರೂ ಹಿಡಿತಕ್ಕೆ ಬರುತ್ತವೆ. ಅಷ್ಟು ಹತ್ತಿರವಾ?

ಟಾರ್ಟುವಿನಿಂದ

ಮೇಡಂ, ಕೆಲವು ಅಷ್ಟು ಹತ್ತಿರ, ಕೆಲವು ತುಂಬಾ ದೂರ. ನಾನು ಎಸ್ಟೋನಿಯಾದ ಟಾರ್ಟು ಊರಿನಲ್ಲಿ ಓದುತ್ತಿದ್ದೇನೆ, ಎಸ್ಟೋನಿಯನ್ ಕಲಿಯುತ್ತಾ ಎರಡು ವರ್ಷ ಆಯ್ತು. ಫಿನ್ನಿಶ್ ಪಕ್ಕದ ಮನೆ. ಹಂಗೇರಿಯನ್ ಅದೇ ಬಳಗದ್ದೇ, ಆದರೆ ಮಾತಾಡಿದರೆ ಒಂದು ಅಕ್ಷರ ತಿಳಿಯಲ್ಲ. ಆದರೂ ಹಳೇ ಪದಗಳು ಉಳಿದಿವೆ. ಮೀನು ತೆಗೆದುಕೊಳ್ಳಿ. ಎಸ್ಟೋನಿಯನ್‌ನಲ್ಲಿ ‘ಕಲ’, ಫಿನ್ನಿಶ್‌ನಲ್ಲೂ ‘ಕಲ’, ವೋಲ್ಗಾ ನದಿ ಕಡೆಯ ಮಾರಿ ಭಾಷೆಯಲ್ಲಿ ‘ಕೊಲ್’, ಹಂಗೇರಿಯನ್‌ನಲ್ಲಿ ‘ಹಲ್’. ನೀರಿಗೆ ಇಲ್ಲಿ ‘ವೆಸಿ’, ಹಂಗೇರಿಯಲ್ಲಿ ‘ವೀಜ್’. ನಮ್ಮ ಮೀನು, ಕಣ್ಣು, ಕೈ ದಕ್ಷಿಣದ ಎಲ್ಲಾ ಭಾಷೆಗಳಲ್ಲಿ ಸ್ವಲ್ಪ ಸ್ವಲ್ಪ ಬದಲಾಗಿ ಕಾಣುತ್ತವಲ್ಲ, ಹಾಗೆ. ಒಂದು ವ್ಯತ್ಯಾಸ ಇದೆ. ನಮ್ಮವು ಅಕ್ಕಪಕ್ಕದಲ್ಲೇ ಇವೆ. ಇವು ಬಾಲ್ಟಿಕ್ ಸಮುದ್ರದಿಂದ ಸೈಬೀರಿಯಾದ ಉತ್ತರದ ತುದಿವರೆಗೆ ಚದುರಿಹೋಗಿವೆ, ನಡುವೆ ಸಾವಿರಾರು ಕಿಲೋಮೀಟರು ರಷ್ಯನ್.

ಇಡೀ ಲೋಕದಲ್ಲಿ ಎಸ್ಟೋನಿಯನ್ ಆಡುವವರು ಹತ್ತು ಹನ್ನೊಂದು ಲಕ್ಷ, ಅಷ್ಟೇ. ಇದನ್ನು ಮನಸ್ಸಿನಲ್ಲಿ ಇಟ್ಟುಕೊಂಡರೆ ಮೆರಿ ಯಾಕೆ ಅಷ್ಟು ದೂರ ಅಲೆದರು ಅಂತ ತಿಳಿಯುತ್ತದೆ. ಚಿಕ್ಕ ಮನೆಯವರಿಗೆ ನೆಂಟರು ಬೇಕು.

ಇತಿಹಾಸ ಮೇಷ್ಟ್ರು

ಅವರು ಓದಿದ್ದು ಇತಿಹಾಸ ಅಂತ ಮೊದಲು ಹೇಳಿಬಿಡೋಣ. 1953ರಲ್ಲಿ ಟಾರ್ಟು ವಿಶ್ವವಿದ್ಯಾಲಯದಿಂದ ಒಳ್ಳೆ ದರ್ಜೆಯಲ್ಲಿ ಪಾಸಾದರು. ಆದರೆ ಇತಿಹಾಸಕಾರನಾಗಿ ಕೆಲಸ ಮಾಡಲು ಸರ್ಕಾರ ಬಿಡಲಿಲ್ಲ. ಓದುವಾಗಲೇ ತಂದೆಯನ್ನು ಮೂರನೇ ಸಲ ಹಿಡಿದುಕೊಂಡು ಹೋಗಿದ್ದರು. ತಮ್ಮ ಕಾಲೇಜು ಬಿಟ್ಟು ಟ್ಯಾಕ್ಸಿ ಓಡಿಸಿದ, ಅಣ್ಣ ಪತ್ರಿಕೆಗಳಿಗೆ ಬರೆದ, ಇಬ್ಬರೂ ಸೇರಿ ತಾಯಿಯನ್ನು ನೋಡಿಕೊಂಡರು. ಆಮೇಲೆ ಟಾರ್ಟುವಿನ ವಾನೆಮುಯ್ನೆ ರಂಗಮಂದಿರದಲ್ಲಿ ನಾಟಕ ವಿಭಾಗದ ಕೆಲಸ, ಅಲ್ಲಿಂದ ಎಸ್ಟೋನಿಯನ್ ರೇಡಿಯೋ.

ನಾನು 31 ವರ್ಷ ಹೈಸ್ಕೂಲಿನಲ್ಲಿ ಇತಿಹಾಸ ಪಾಠ ಮಾಡಿದವನು. ನೀನು ಇತಿಹಾಸ ಹೇಳಬಾರದು ಅಂತ ಒಬ್ಬ ಇತಿಹಾಸದ ವಿದ್ಯಾರ್ಥಿಗೆ ಹೇಳಿದರೆ ಅವನ ಹೊಟ್ಟೆಯಲ್ಲಿ ಏನಾಗುತ್ತದೆ ಅಂತ ನನಗೆ ಗೊತ್ತಾಗುತ್ತದೆ. ಮೆರಿ ಸುಮ್ಮನಾಗಲಿಲ್ಲ. ಬಾಗಿಲು ಮುಚ್ಚಿದ ಮೇಲೆ ಹಿತ್ತಲಿನಿಂದ ಬಂದರು. ಪ್ರವಾಸ ಕಥನ ಬರೆದರು. 1958ರಲ್ಲಿ ಮಧ್ಯ ಏಷ್ಯಾದ ತಿಯಾನ್‌ಶಾನ್ ಬೆಟ್ಟಗಳು, ಕಾರಾಕುಮ್ ಮರುಭೂಮಿ ಸುತ್ತಿ ಬಂದು ಮರುವರ್ಷ ಮೊದಲ ಪುಸ್ತಕ ತಂದರು. ಹೆಸರಿನಲ್ಲೇ ನಾಗರಹಾವು, ವಿಷದ ಜೇಡ ಎರಡೂ ಇವೆ. ಆಮೇಲೆ ಕಮ್ಚಾತ್ಕಾದ ಜ್ವಾಲಾಮುಖಿಗಳ ಕಡೆ ಹೋದರು. ದೇಶದ ಹೊರಗೆ ಕಾಲಿಡಲು ಬಿಡದಿದ್ದರೆ ಒಳಗೆ ಎಷ್ಟು ದೂರ ಆಗುತ್ತದೋ ಅಷ್ಟು ದೂರ ಹೋದರು.

ಅನುವಾದಕಿ

ಅವರ ಅನುವಾದಗಳ ಬಗ್ಗೆ ನಾನು ಹೇಳಲೇಬೇಕು. ರೆಮಾರ್ಕ್, ಗ್ರಹಾಂ ಗ್ರೀನ್, ವೆರ್ಕೋರ್, ಪಿಯರ್ ಬೂಲ್ ಇವರನ್ನೆಲ್ಲ ಎಸ್ಟೋನಿಯನ್‌ಗೆ ತಂದರು. ಎಲ್ಲಕ್ಕಿಂತ ನನಗೆ ದೊಡ್ಡದಾಗಿ ಕಾಣುವುದು ರಷ್ಯನ್ ಲೇಖಕ ಸೊಲ್ಜೆನಿತ್ಸಿನ್ ಬರೆದ, ಸೋವಿಯತ್ ಕೈದಿ ಶಿಬಿರದ ಒಂದು ದಿನದ ಕಥೆ. ಇವಾನ್ ಡೆನಿಸೊವಿಚ್‌ನದು. 1962ರ ಕೊನೆಗೆ ಅದು ಮಾಸ್ಕೋದಲ್ಲಿ ಅಚ್ಚಾಯಿತು, 1963ರಲ್ಲೇ ಎಸ್ಟೋನಿಯನ್‌ನಲ್ಲಿ ಬಂತು. ಅನುವಾದ ಮಾಡಿದವರು ಇಬ್ಬರು: ಎನ್ ಸಾರ್ವ್ ಮತ್ತು ಲೆನಾರ್ಟ್ ಮೆರಿ. ಸಾರ್ವ್ ಸ್ವತಃ ವೋರ್ಕುತಾದ ಶಿಬಿರದಲ್ಲಿ ಕೈದಿಯಾಗಿದ್ದವರು. ಮೆರಿ ಹನ್ನೆರಡನೇ ವಯಸ್ಸಿಗೆ ಗಡೀಪಾರಾದವರು.

ಅನುವಾದ ಮಾಡುವವರಿಗೆ ಇದು ಎಂಥ ವಿಷಯ ಗೊತ್ತಾ? ಶಿಬಿರದ ಭಾಷೆ ಬೇರೆಯೇ ಇರುತ್ತದೆ. ಗಂಜಿಗೆ, ಕಾವಲುಗಾರನಿಗೆ, ಎಣಿಕೆಗೆ, ಚಳಿಗೆ ಅಲ್ಲಿ ಬೇರೆ ಪದ. ನಿಘಂಟಿನಲ್ಲಿ ಹುಡುಕಿದರೆ ಸಿಗುವುದಿಲ್ಲ. ಇವರು ನಿಘಂಟು ನೋಡುವ ಅಗತ್ಯವೇ ಇರಲಿಲ್ಲ. ನಾನು ಇಪ್ಪತ್ತು ವರ್ಷದಿಂದ ಅನುವಾದ ಮಾಡುತ್ತಿದ್ದೇನೆ, ಒಂದು ಪದಕ್ಕೆ ಮೂರು ದಿನ ಕೂತಿದ್ದೂ ಇದೆ. ಆ ಪದ ತನ್ನ ಮೈಮೇಲೇ ಇರುವವರು ಅನುವಾದಕ್ಕೆ ಕೂತರೆ ಹೇಗಿರಬಹುದು ಅಂತ ಯೋಚಿಸುತ್ತಾ ನಿನ್ನೆ ರಾತ್ರಿ ನಿದ್ದೆ ಬರಲಿಲ್ಲ.

ಇನ್ನೊಂದು ಮಾತು. ಆ ಕಥೆಯೊಳಗೇ ಇಬ್ಬರು ಎಸ್ಟೋನಿಯನ್ ಕೈದಿಗಳು ಬರುತ್ತಾರೆ, ಯಾವಾಗಲೂ ಜೊತೆಗೇ ಇರುವವರು. ಗುಲಾಗ್ ಅನ್ನುವ ಆ ಶಿಬಿರಗಳ ಬಗ್ಗೆ ಸೊಲ್ಜೆನಿತ್ಸಿನ್ ಬರೆದ ದೊಡ್ಡ ಪುಸ್ತಕದ ಬಹುಭಾಗ ಟಾರ್ಟು ಹತ್ತಿರದ ಒಂದು ತೋಟದ ಮನೆಯಲ್ಲಿ ಗುಟ್ಟಾಗಿ ಬರೆದದ್ದು. ಎಸ್ಟೋನಿಯನ್ನರು ಬಚ್ಚಿಟ್ಟು ಕಾಪಾಡಿದರು.

ಟಾರ್ಟುವಿನಿಂದ

ಮೇಡಂ, ಇದು ಓದಿ ಮೈ ಜುಮ್ ಅಂತು. ಈ ಊರಲ್ಲೇ ಇದ್ದೂ ಆ ಇಬ್ಬರು ಅನುವಾದಕರ ವಿಷಯ ನನಗೆ ಗೊತ್ತಿರಲಿಲ್ಲ.

ಓದಿನ ಹುಚ್ಚು

ಈಗ ಸಿನಿಮಾ ಕಡೆ ಬರೋಣ. ನಾನು ಮೆರಿಯವರನ್ನು ಮೊದಲು ಕಂಡದ್ದು ಓದಿ ಅಲ್ಲ, ನೋಡಿ. ಫಿನ್ನೋ ಉಗ್ರಿಕ್, ಅಂದರೆ ಆ ನೆಂಟ ಭಾಷೆಗಳನ್ನು ಆಡುವ ಜನರ ಮೇಲೆ ಅವರು ಸರಣಿಯಾಗಿ ಸಾಕ್ಷ್ಯಚಿತ್ರ ಮಾಡಿದರು. 1970ರದ್ದಕ್ಕೆ ‘ನೀರುಹಕ್ಕಿಗಳ ಜನ’ ಅಂತ ಹೆಸರು. ಹೆಸರು ಯಾಕೆ ಹಾಗೆ ಅಂದರೆ, ಆ ಜನಗಳ ಹಳೇ ಕಥೆಗಳಲ್ಲಿ ಮೊದಲು ಎಲ್ಲೆಲ್ಲೂ ನೀರು. ಒಂದು ಹಕ್ಕಿ ಮುಳುಗಿ ತಳದಿಂದ ಕೊಕ್ಕಿನಲ್ಲಿ ಮಣ್ಣು ತರುತ್ತದೆ. ಅದೇ ಭೂಮಿ ಆಗುತ್ತದೆ. 1977ರ ಚಿತ್ರ ‘ಹಕ್ಕಿದಾರಿಯ ಗಾಳಿ’. ನಾವು ಆಕಾಶಗಂಗೆ ಅನ್ನುವುದನ್ನು ಎಸ್ಟೋನಿಯನ್‌ನಲ್ಲಿ ‘ಲಿನ್ನುಟೇ’ ಅನ್ನುತ್ತಾರೆ, ಅಂದರೆ ಹಕ್ಕಿಗಳ ದಾರಿ. ನಾವು ನದಿ ಕಂಡ ಕಡೆ ಅವರು ಹಕ್ಕಿ ಸಾಲು ಕಂಡರು.

ಮೊದಲ ಚಿತ್ರಕ್ಕೆ ಕಮಾಸಿ ಜನರ ಕಡೆಗೂ ಹೋದರು. ಸೈಬೀರಿಯಾದ ಸಯಾನ್ ಬೆಟ್ಟಗಳ ಹತ್ತಿರದ ಜನ. ಆ ಭಾಷೆ ಆಡುವವರು ಆಗ ಉಳಿದದ್ದು ಒಬ್ಬರೇ, ಕ್ಲಾವ್ದಿಯಾ ಪ್ಲೋತ್ನಿಕೋವಾ ಅನ್ನುವ ಮುದುಕಿ. ಸುತ್ತ ಇದ್ದವರೆಲ್ಲ ರಷ್ಯನ್‌ಗೆ ತಿರುಗಿ ಬಹಳ ವರ್ಷ ಆಗಿತ್ತು. ಇವರಿಗೆ ಮಾತಾಡಲು ಯಾರೂ ಇಲ್ಲ. ದೇವರಿಗೆ ಕೈ ಮುಗಿಯುವಾಗ ಮಾತ್ರ ತನ್ನ ಭಾಷೆ ಆಡುತ್ತಿದ್ದರಂತೆ, ಹಾಗೆ ಉಳಿಸಿಕೊಂಡಿದ್ದರಂತೆ. ಟಾರ್ಟುವಿನ ಭಾಷಾ ವಿದ್ವಾಂಸ ಆಗೋ ಕ್ಯುನ್ನಪ್ ಆಕೆಯ ಮಾತುಗಳನ್ನು ಧ್ವನಿಮುದ್ರಿಸಿಕೊಂಡರು. 1970ರಲ್ಲಿ ಟ್ಯಾಲಿನ್‌ನಲ್ಲಿ ನಡೆದ ವಿದ್ವಾಂಸರ ದೊಡ್ಡ ಸಭೆಗೂ ಆಕೆಯನ್ನು ಕರೆಸಿದ್ದರು. 1989ರಲ್ಲಿ ಆಕೆ ತೀರಿಕೊಂಡರು, ಭಾಷೆಯೂ ಅವತ್ತೇ ಹೋಯಿತು.

ನನ್ನ ಅಜ್ಜಿ ಕೊನೆಗಾಲದಲ್ಲಿ ದೇವರ ಮುಂದೆ ಒಬ್ಬಳೇ ಕೂತು ಗುನುಗುತ್ತಿದ್ದಳು. ಏನು ಅಂತ ನಾವ್ಯಾರೂ ಕೇಳಲೇ ಇಲ್ಲ. ಕ್ಲಾವ್ದಿಯಾ ಅವರ ಕಥೆ ತಿಳಿದಾಗ ಅದೇ ನೆನಪಾಯಿತು.

ಕಡಲ ಕಿನಾರೆ

ಅಣ್ಣಾ, ಆ ಕೊನೆಯ ಪ್ಯಾರಾ ಓದಿ ನಾನೂ ಸ್ವಲ್ಪ ಹೊತ್ತು ಫೋನ್ ಕೆಳಗಿಟ್ಟೆ. ನಮ್ಮ ಕಡೆ ಕೊರಗರ ಭಾಷೆಯೂ ಅಂಚಿಗೆ ಬಂದಿದೆ. ಹಿರಿಯರ ಬಾಯಲ್ಲಿ ಇದೆ, ಮಕ್ಕಳ ಬಾಯಲ್ಲಿ ಕಡಿಮೆ.

ಈ ಸಿನಿಮಾಗಳಿಗೆ ಸೋವಿಯತ್ ಸರ್ಕಾರ ಅನುಮತಿ ಹೇಗೆ ಕೊಟ್ಟಿತು? ಗಡೀಪಾರಾದ ಮನೆಯ ಮಗನಿಗೆ?

ಇತಿಹಾಸ ಮೇಷ್ಟ್ರು

ಜಾನಪದ, ಹಾಡು, ಕುಣಿತ ಅಂದರೆ ಆ ಸರ್ಕಾರಕ್ಕೂ ಬೇಕಾಗಿತ್ತು. ಎಲ್ಲಾ ಜನಾಂಗಗಳೂ ನಗುನಗುತ್ತಾ ಇವೆ ಅಂತ ತೋರಿಸಲು. ಮೆರಿ ತೋರಿಸಿದ್ದು ಅದನ್ನಲ್ಲ. ಈ ಜನ ಒಂದೇ ಬಳಗ, ರಷ್ಯಾ ಬರುವುದಕ್ಕೆ ಸಾವಿರಾರು ವರ್ಷ ಮೊದಲೇ ಇಲ್ಲಿ ಬಾಳುತ್ತಿದ್ದವರು ಅಂತ ತೋರಿಸಿದರು. ರಾಜಕೀಯದ ಒಂದು ಮಾತಿಲ್ಲ, ಆದರೆ ನೋಡುವವರಿಗೆ ತಿಳಿಯುತ್ತದೆ. ‘ಹಕ್ಕಿದಾರಿಯ ಗಾಳಿ’ಯನ್ನು ಫಿನ್ಲೆಂಡ್ ಮತ್ತು ಹಂಗೇರಿ ಜೊತೆ ಸೇರಿ ಮಾಡಿದರು. ಸೋವಿಯತ್ ಒಕ್ಕೂಟದಲ್ಲಿ ಅದನ್ನು ತಡೆಹಿಡಿದರು. ನ್ಯೂಯಾರ್ಕ್‌ನ ಚಿತ್ರೋತ್ಸವದಲ್ಲಿ ಬೆಳ್ಳಿ ಪದಕ ಬಂತು. ಫಿನ್ಲೆಂಡಿನ ಶಾಲೆಗಳಲ್ಲಿ ಅವರ ಚಿತ್ರ, ಬರಹ ಎರಡನ್ನೂ ಪಾಠಕ್ಕೆ ಬಳಸಿದರು. ತನ್ನ ನಾಡಿನಲ್ಲಿ ತೋರಿಸಲಾಗದ ಚಿತ್ರ ಪಕ್ಕದ ನಾಡಿನ ಮಕ್ಕಳಿಗೆ ಪಾಠ.

ಕಡಲ ಕಿನಾರೆ

ಮೇಷ್ಟ್ರೇ, ಶಾಮನ್ (ಆತ್ಮಗಳ ಜೊತೆ ಮಾತಾಡುವ ಪೂಜಾರಿ) ಚಿತ್ರ ನೋಡಿದ್ದೀರಾ? ನಾನು ಅದೊಂದನ್ನೇ ನೋಡಿದ್ದು, ಯಾರು ಮಾಡಿದ್ದು ಅಂತ ಆಗ ಗಮನಿಸಿರಲಿಲ್ಲ.

ಓದಿನ ಹುಚ್ಚು

ಅದೂ ಅವರದ್ದೇ. 1977ರ ಜುಲೈ 16ರಂದು ಸೈಬೀರಿಯಾದ ತೈಮೀರ್‌ನಲ್ಲಿ ತೆಗೆದದ್ದು. ಭೂಪಟದಲ್ಲಿ ನೋಡಿ, ಅದಕ್ಕಿಂತ ಉತ್ತರಕ್ಕೆ ನೆಲವೇ ಇಲ್ಲ ಅನ್ನುವಷ್ಟು ಮೇಲಿದೆ. ಅಲ್ಲಿಯ ಙನಾಸನ್ ಜನರ ಶಾಮನ್ ದೆಮ್ನಿಮೆ. ‘ಹಕ್ಕಿದಾರಿಯ ಗಾಳಿ’ಗೆ ಹೋದಾಗಲೇ ಇದನ್ನೂ ತೆಗೆದಿದ್ದರು. ಹೊರಗೆ ಬಂದದ್ದು 1997ರಲ್ಲಿ. ಇಪ್ಪತ್ತು ವರ್ಷ!

ಕಡಲ ಕಿನಾರೆ

ಕೋಲ ನೋಡಿ ಬೆಳೆದವಳು ನಾನು. ಬಡಿತ ಏರುತ್ತಾ ಹೋದಾಗ ಸುತ್ತ ಕೂತವರ ಮುಖ ಬದಲಾಗುವುದು ಚಿಕ್ಕಂದಿನಿಂದ ಗೊತ್ತು. ಅದಕ್ಕೇ ಆ ಚಿತ್ರ ನನಗೆ ಪರಕೀಯ ಅನಿಸಲೇ ಇಲ್ಲ. ಬೇರೆ ದೇವರು, ಬೇರೆ ಚಳಿ. ಆದರೆ ಕೂತ ಜನರ ನಂಬಿಕೆ ಒಂದೇ ಥರ. ಕ್ಯಾಮೆರಾ ಅವರನ್ನು ಮರ್ಯಾದೆಯಿಂದ ನೋಡುತ್ತದೆ, ನನಗೆ ಹಿಡಿಸಿದ್ದು ಅದು.

ಇತಿಹಾಸ ಮೇಷ್ಟ್ರು

1989ರಲ್ಲಿ ಬಂದ ‘ತೋರುಮ್‌ನ ಮಕ್ಕಳು’ ಸಿಕ್ಕರೆ ಬಿಡಬೇಡಿ. ಸೈಬೀರಿಯಾದ ಖಾಂತಿ ಜನರ ಕರಡಿ ಹಬ್ಬ. ತೋರುಮ್ ಅಂದರೆ ಆಕಾಶದ ದೇವರು, ಕರಡಿ ಅವನ ಮಗ. ಬೇಟೆಯಾಡಿದ ಕರಡಿಯನ್ನೇ ಮನೆಗೆ ಬಂದ ಅತಿಥಿ ಥರ ಕೂರಿಸಿ, ಅದರ ಮುಂದೆ ಹಾಡಿ, ಮುಖವಾಡ ಹಾಕಿ ಆಟ ಆಡಿ, ಕಳಿಸಿಕೊಡುತ್ತಾರೆ.

ಸಂಶಯಪಡುವವ

ಎಲ್ಲರೂ ಹೊಗಳುತ್ತಿದ್ದೀರಿ, ಒಂದು ಆಕ್ಷೇಪ ಇಡುತ್ತೇನೆ. ಇವರ ಅತಿ ಹೆಸರಾದ ಪುಸ್ತಕ 1976ರದ್ದು, ಹೆಸರಿಗೆ ‘ಬೆಳ್ಳಿಬಿಳಿ’ ಅಂತ ಅರ್ಥ. ಅದರಲ್ಲಿ ಗ್ರೀಕ್ ನಾವಿಕ ಪೈಥಿಯಸ್ ಹೇಳಿದ ‘ಥೂಲೆ’ ಅನ್ನುವ ದೂರದ ನಾಡು ಎಸ್ಟೋನಿಯಾದ ಸಾರೆಮಾ ದ್ವೀಪ ಇರಬಹುದು ಅಂತ ವಾದಿಸುತ್ತಾರೆ. ಬಹಳ ವಿದ್ವಾಂಸರು ನಾರ್ವೆ, ಐಸ್‌ಲೆಂಡ್, ಶೆಟ್ಲೆಂಡ್ ಕಡೆ ಕೈ ತೋರಿಸುತ್ತಾರೆ. ಪದ ಪದಕ್ಕೆ ಹೋಲಿಕೆ ಹುಡುಕಿ ನಮ್ಮೂರೇ ಎಲ್ಲದರ ಮೂಲ ಅನ್ನುವವರನ್ನು ನಾವು ಇಲ್ಲೂ ಜಾಸ್ತಿ ನೋಡಿದ್ದೇವೆ. ಇದು ಅದೇ ಅಲ್ವಾ?

ಇತಿಹಾಸ ಮೇಷ್ಟ್ರು

ಒಳ್ಳೆ ಪ್ರಶ್ನೆ, ನೇರವಾಗಿ ಉತ್ತರ ಕೊಡುತ್ತೇನೆ. ಥೂಲೆ ವಾದವನ್ನು ನಾನೂ ಒಪ್ಪುವುದಿಲ್ಲ. ಪಾಠ ಮಾಡುವಾಗ ಮಕ್ಕಳಿಗೆ ಅದನ್ನು ಸತ್ಯ ಅಂತ ಹೇಳಿಕೊಡಲಾರೆ. ಆದರೆ ವಾದ ಏನು ಅಂತ ಪೂರ್ತಿ ಕೇಳಿ.

ಪೈಥಿಯಸ್ ಕ್ರಿಸ್ತಪೂರ್ವ ನಾಲ್ಕನೇ ಶತಮಾನದವನು. ಅವನ ಪುಸ್ತಕ ಕಳೆದುಹೋಗಿದೆ, ಬೇರೆಯವರು ಎತ್ತಿ ಹೇಳಿದ ತುಣುಕುಗಳು ಮಾತ್ರ ಇವೆ. ಅಂಥ ಒಂದು ತುಣುಕಿನಲ್ಲಿ, ಸೂರ್ಯ ಮಲಗುವ ಜಾಗವನ್ನು ಅಲ್ಲಿಯ ಜನ ನಮಗೆ ತೋರಿಸಿದರು ಅನ್ನುತ್ತಾನೆ. ಸಾಮಾನ್ಯವಾಗಿ ಇದನ್ನು ಉತ್ತರದ ಚಿಕ್ಕ ಬೇಸಿಗೆ ರಾತ್ರಿಗಳ ಮಾತು ಅಂತ ಓದುತ್ತಾರೆ. ಮೆರಿ ಬೇರೆ ಥರ ಓದಿದರು. ಸಾರೆಮಾದಲ್ಲಿ ಕಾಲಿ ಅನ್ನುವ ಊರಿದೆ, ಅಲ್ಲಿ ಉಲ್ಕೆ ಬಿದ್ದು ಆದ ಗುಂಡಿ ಇದೆ, ಗುಂಡಿಯಲ್ಲಿ ಕೆರೆ. ಜನ ವಾಸವಿದ್ದ ಕಾಲದಲ್ಲೇ ಬಿದ್ದದ್ದು. ಸೂರ್ಯ ಬಿದ್ದ ಹಾಗೆ ಕಂಡಿರಬೇಕು. ಎಸ್ಟೋನಿಯನ್‌ನಲ್ಲಿ ಬೆಂಕಿಗೆ ‘ತುಲಿ’, ಬೆಂಕಿಯ ಅನ್ನಲು ‘ತುಲೆ’. ತುಲೆ, ಥೂಲೆ. ಆಕಾಶದಿಂದ ಬೆಂಕಿ ಬಿದ್ದ ಜಾಗವನ್ನು ನಾವಿಕನಿಗೆ ತೋರಿಸಿದರೆ? ಇಷ್ಟೇ ಅವರು ಕೇಳುವುದು.

ಇದಕ್ಕೆ ಸಾಕ್ಷಿ ಸಾಲದು. ಆದರೆ ನಮ್ಮೂರೇ ದೊಡ್ಡದು ಅನ್ನುವವರಿಗೂ ಇವರಿಗೂ ಒಂದು ವ್ಯತ್ಯಾಸ ಕಾಣುತ್ತದೆ. ಎಸ್ಟೋನಿಯಾದ ಇತಿಹಾಸದ ಪುಸ್ತಕಗಳಲ್ಲಿ ಎಸ್ಟೋನಿಯನ್ನರು ಯಾವಾಗಲೂ ಯಾರದ್ದೋ ಆಳ್ವಿಕೆಯಲ್ಲಿ ಇದ್ದವರು. ಡೇನರು, ಜರ್ಮನರು, ಸ್ವೀಡರು, ರಷ್ಯನ್ನರು. ಹಾಗಾದರೆ ಅದಕ್ಕೂ ಮೊದಲು ಈ ಜನ ಏನು ಮಾಡುತ್ತಿದ್ದರು? ಮೆರಿ ಅಂದರು, ಸಮುದ್ರದಲ್ಲಿ ಇದ್ದರು. ದೋಣಿ ಕಟ್ಟುತ್ತಿದ್ದರು, ವ್ಯಾಪಾರ ಮಾಡುತ್ತಿದ್ದರು, ಲೋಕಕ್ಕೆ ಇವರ ಗುರುತಿತ್ತು. ಬಾಲ್ಟಿಕ್ ಸಮುದ್ರವನ್ನು ಗೋಡೆಯಲ್ಲ, ದಾರಿ ಅಂತ ತೋರಿಸಿದರು. ಗಡಿಬೇಲಿ ಹಾಕಿ ಜನರನ್ನು ಆ ಸಮುದ್ರದಿಂದಲೇ ದೂರ ಇಟ್ಟಿದ್ದ ಕಾಲದಲ್ಲಿ ಇದನ್ನು ಬರೆಯುವುದು ಸಣ್ಣ ಮಾತಲ್ಲ.

ಸಂಶಯಪಡುವವ

ಈ ಕಡೆಯಿಂದ ನಾನು ನೋಡಿರಲಿಲ್ಲ ಮೇಷ್ಟ್ರೇ. ಥೂಲೆ ಬಗ್ಗೆ ನನ್ನ ಸಂಶಯ ಇದ್ದೇ ಇರುತ್ತದೆ. ಆದರೆ ಸಮುದ್ರದ ಮಾತು ಒಪ್ಪಿದೆ.

ಟಾರ್ಟುವಿನಿಂದ

ಆ ಕಾಲಿ ಊರಿಗೆ ಹೋಗಿದ್ದೆ, ಹೋದ ಬೇಸಿಗೆಯಲ್ಲಿ. ಬಸ್ಸು, ಹಡಗು, ಮತ್ತೆ ಬಸ್ಸು. ಮಹಾರಾಷ್ಟ್ರದ ಲೋನಾರ್ ಉಲ್ಕೆಗುಂಡಿ ನೋಡಿದವರು ಅಷ್ಟು ದೊಡ್ಡದನ್ನು ನಿರೀಕ್ಷಿಸಬೇಡಿ. ಇದು ಸುಮಾರು 110 ಮೀಟರ್ ಅಗಲ. ಸುತ್ತ ಎಂಟು ಚಿಕ್ಕ ಗುಂಡಿಗಳೂ ಇವೆ. ಹೊರಗಿನಿಂದ ನೋಡಿದರೆ ಸುಮ್ನೆ ಮರ ಬೆಳೆದ ದಿಬ್ಬ. ಹತ್ತಿ ನಿಂತರೆ ಕೆಳಗೆ ದುಂಡಗೆ ಹಸಿರು ನೀರು, ತಟ್ಟೆ ಇಟ್ಟ ಹಾಗೆ. ಇಳಿಯುವಾಗ ಪಕ್ಕದ ಕಲ್ಲು ನೋಡಿ ಅಂತ ಒಬ್ಬರು ಹೇಳಿದರು. ಆ ದ್ವೀಪದಲ್ಲಿ ಕಲ್ಲಿನ ಪದರಗಳು ಎಲ್ಲಾ ಕಡೆ ಚಾಪೆ ಹಾಸಿದ ಹಾಗೆ ಮಲಗಿರುತ್ತವೆ. ಇಲ್ಲಿ ಮಾತ್ರ ಎದ್ದು ನಿಂತಿವೆ, ಒಳಗಿನಿಂದ ಯಾರೋ ಒದ್ದ ಹಾಗೆ. ಕೈಯಿಟ್ಟೆ, ತಣ್ಣಗಿತ್ತು. ಇದು ಉಲ್ಕೆಯದೇ ಕೆಲಸ ಅಂತ ಖಚಿತ ಆದದ್ದು 1937ರಲ್ಲಿ, ಇವಾನ್ ರೈನ್‌ವಾಲ್ಡ್ ಅನ್ನುವವರು ಕಬ್ಬಿಣದ ಚೂರುಗಳನ್ನು ಹುಡುಕಿದ ಮೇಲೆ.

ಆ ದಿನ ನೀರಿನ ಹತ್ತಿರ ಕೂತು ನನಗೆ ಅನಿಸಿದ್ದು ಇದು: ವಾದ ಸರಿಯೋ ತಪ್ಪೋ, ಇದನ್ನು ನೋಡಿದವನು ಕಥೆ ಕಟ್ಟದೆ ಇರಲಾರ.

ಹೊಸ ಸದಸ್ಯೆ

ಎರಡು ದಿನದಿಂದ ಓದುತ್ತಿದ್ದೇನೆ, ಇವತ್ತು ಬರೆಯುವ ಧೈರ್ಯ ಬಂತು. ಇಷ್ಟೆಲ್ಲ ಬರೆದವರು, ಸಿನಿಮಾ ಮಾಡಿದವರು ಅಧ್ಯಕ್ಷರಾದದ್ದು ಹೇಗೆ? ಕಾರಂತರು ಚುನಾವಣೆಗೆ ನಿಂತಿದ್ದರು ಅಂತ ಅಪ್ಪ ಹೇಳುತ್ತಿದ್ದರು, ಗೆಲ್ಲಲಿಲ್ಲ. ಇವರು ಹೇಗೆ ಗೆದ್ದರು?

ಓದಿನ ಹುಚ್ಚು

ಸ್ವಾಗತ ತಂಗಿ. ಇಪ್ಪತ್ತು ವರ್ಷಕ್ಕೂ ಜಾಸ್ತಿ ಅವರಿಗೆ ಹೊರದೇಶಕ್ಕೆ ಹೋಗಲು ಬಿಟ್ಟಿರಲಿಲ್ಲ. 70ರ ದಶಕದ ಕೊನೆಗೆ ಫಿನ್ಲೆಂಡ್‌ಗೆ ಬಾಗಿಲು ತೆರೆಯಿತು. ಹೋದಲ್ಲೆಲ್ಲ ಎಸ್ಟೋನಿಯಾ ಅನ್ನುವ ನಾಡು ಇನ್ನೂ ಇದೆ ಅಂತ ನೆನಪಿಸಿದರು. 1986ರಲ್ಲಿ ಹೆಲ್ಸಿಂಕಿ ವಿಶ್ವವಿದ್ಯಾಲಯ ಗೌರವ ಡಾಕ್ಟರೇಟ್ ಕೊಟ್ಟಿತು. 1988ರಲ್ಲಿ ‘ಎಸ್ಟೋನಿಯನ್ ಇನ್‌ಸ್ಟಿಟ್ಯೂಟ್’ ಅಂತ ಒಂದು ಸಂಸ್ಥೆ ಕಟ್ಟಿದರು. ಹೆಸರಿಗೆ ಸಂಸ್ಕೃತಿ ಕೆಲಸ: ವಿದ್ಯಾರ್ಥಿಗಳನ್ನು ಹೊರಗೆ ಕಳಿಸುವುದು, ಪುಸ್ತಕ, ಸಂಪರ್ಕ. ಕೋಪನ್‌ಹೇಗನ್, ಸ್ಟಾಕ್‌ಹೋಮ್, ಲಂಡನ್, ಬಾನ್, ಪ್ಯಾರಿಸ್, ಹೆಲ್ಸಿಂಕಿಯಲ್ಲಿ ಅದರ ಕಚೇರಿಗಳು ಬಂದವು. 1991ರ ಆಗಸ್ಟ್‌ನಲ್ಲಿ ಸ್ವಾತಂತ್ರ್ಯ ಮರಳಿದಾಗ ಅವೇ ಕಚೇರಿಗಳು ರಾಯಭಾರ ಕಚೇರಿಗಳಾದವು! ಪುಸ್ತಕದ ಕಪಾಟು ಇಟ್ಟ ಕೋಣೆಯಲ್ಲೇ ಬಾವುಟ ಹಾರಿತು. ಅವರು 1990ರಿಂದಲೇ ವಿದೇಶಾಂಗ ಮಂತ್ರಿ, 1992ರ ಅಕ್ಟೋಬರ್‌ನಲ್ಲಿ ಅಧ್ಯಕ್ಷರು. 1994ರ ಜುಲೈನಲ್ಲಿ ಮಾಸ್ಕೋಗೆ ಹೋಗಿ ರಷ್ಯಾದ ಅಧ್ಯಕ್ಷ ಯೆಲ್ತ್ಸಿನ್ ಜೊತೆ ಕೂತು ಒಪ್ಪಂದ ಮಾಡಿಕೊಂಡರು. ಆ ಆಗಸ್ಟ್ 31ಕ್ಕೆ ರಷ್ಯಾದ ಸೈನ್ಯ ಹೊರಟಿತು.

ನೀವು ಕಾರಂತರನ್ನು ನೆನೆದದ್ದು ಸರಿಯಾಗಿದೆ. ಕಾದಂಬರಿ, ಯಕ್ಷಗಾನ, ಮಕ್ಕಳಿಗೆ ವಿಜ್ಞಾನ, ಸಿನಿಮಾ, ಪರಿಸರ ಹೋರಾಟ. ಒಂದೇ ಕೆಲಸಕ್ಕೆ ಹಲವು ಕೈ ಹಾಕಿದವರು. ಮೆರಿ ಕೂಡ ಅದೇ ಜಾತಿಯ ಮನುಷ್ಯ.

ಟಾರ್ಟುವಿನಿಂದ

ವಿಮಾನ ನಿಲ್ದಾಣದ ಕಥೆಯನ್ನೂ ಹೇಳಿಬಿಡುತ್ತೇನೆ, ಇಲ್ಲಿ ಎಲ್ಲರಿಗೂ ಗೊತ್ತು. 1997ರಲ್ಲಿ ಜಪಾನ್‌ನಿಂದ ವಾಪಸ್ ಬಂದ ಅಧ್ಯಕ್ಷರು ಪತ್ರಕರ್ತರನ್ನು ನಿಲ್ದಾಣದ ಶೌಚಾಲಯಕ್ಕೇ ಕರೆದುಕೊಂಡು ಹೋಗಿ ಅಲ್ಲೇ ಪತ್ರಿಕಾಗೋಷ್ಠಿ ಮಾಡಿದರು. ದೇಶಕ್ಕೆ ಬಂದವರು ಮೊದಲು ನೋಡುವ ಜಾಗ ಹೀಗಿದೆ, ನೋಡಿ ಅಂತ. ಈಗ ಅದೇ ನಿಲ್ದಾಣಕ್ಕೆ ಅವರ ಹೆಸರು. ಅವರು ತೀರಿಕೊಂಡದ್ದು 2006ರ ಮಾರ್ಚ್ 14ರಂದು.

ಕೊಡಗಿನ ಮಳೆ

ತಡವಾಗಿ ಬಂದೆ, ಕ್ಷಮಿಸಿ. ಒಂದು ಸಣ್ಣ ಪ್ರಶ್ನೆ. ‘ಬೆಳ್ಳಿಬಿಳಿ’ ಪುಸ್ತಕದ ಮೂಲ ಹೆಸರು ಏನು, ಕನ್ನಡದಲ್ಲಿ ಹೇಗೆ ಬರೆಯುವುದು?

ಟಾರ್ಟುವಿನಿಂದ

ಅದೇ ಕಷ್ಟ ನೋಡಿ. ಹೊಬೆವಲ್ಗೆ ಅಂದರೂ ತಪ್ಪು, ಹೆಬೆವಲ್ಗೆ ಅಂದರೂ ತಪ್ಪು. ಮೊದಲ ಸ್ವರ ನಮ್ಮ ಲಿಪಿಯಲ್ಲಿ ಇಲ್ಲ. ‘ಒ’ ಹೇಳಲು ನಾಲಿಗೆ ಹಿಂದಕ್ಕೆ ಇಟ್ಟು, ತುಟಿ ಮಾತ್ರ ದುಂಡಗೆ ಮಾಡದೆ ಹೇಳಬೇಕು. ಆರು ತಿಂಗಳು ಒದ್ದಾಡಿದೆ.

ಕೊಡಗಿನ ಮಳೆ

ತುಟಿ ದುಂಡಗೆ ಮಾಡದೆ? ನಮ್ಮ ಕೊಡವ ತಕ್ಕ್‌ನಲ್ಲಿ ಅಂಥ ಸ್ವರ ಇದೆ! ಕನ್ನಡ ಲಿಪಿಯಲ್ಲಿ ಬರೆಯಲು ನಾವೂ ಒದ್ದಾಡುತ್ತೇವೆ. ನನ್ನ ಅಮ್ಮನಿಗೆ ಈಗಲೇ ಹೇಳಿಸಿ ನೋಡುತ್ತೇನೆ. ನೀವು ಅಲ್ಲಿಯವರ ಬಾಯಲ್ಲಿ ಆ ಹೆಸರು ಹೇಳಿಸಿ ರೆಕಾರ್ಡ್ ಮಾಡಿ ಹಾಕಲು ಆಗುತ್ತದಾ?

ಟಾರ್ಟುವಿನಿಂದ

ನಮ್ಮ ಮನೆ ಓನರ್ ಅಜ್ಜಿಯನ್ನು ಕೇಳಿದೆ. ಮೂರು ಸಲ ಹೇಳಿದರು, ಧ್ವನಿ ಹಾಕಿದ್ದೇನೆ. ಯಾಕೆ ಬೇಕು ಅಂದರು, ಭಾರತದಲ್ಲಿ ಒಂದು ಬೆಟ್ಟದ ನಾಡಿನ ಅಮ್ಮನಿಗೆ ಕೇಳಿಸಲು ಅಂದೆ. ಒಳಗೆ ಹೋಗಿ ಆ ಪುಸ್ತಕವನ್ನೇ ತಂದು ಕೈಗಿಟ್ಟರು. ಹಳೇ ಪ್ರತಿ, ಬೆನ್ನು ಕಿತ್ತು ಬಟ್ಟೆ ಅಂಟಿಸಿದ್ದಾರೆ. ಓದಿ ವಾಪಸ್ ಕೊಡಬೇಕಂತೆ.

ಕೊಡಗಿನ ಮಳೆ

ಅಮ್ಮ ಕೇಳಿಸಿಕೊಂಡರು. ಮೊದಲ ಸಲಕ್ಕೇ ಹೇಳಿಬಿಟ್ಟರು.